ಬೋರ್ಡಿನ ಮೇಲೆ ಕನ್ನಡ ಬಂತು, ಬೋರ್ಡು ಮಾಡುವ ಕೈ ಎಲ್ಲಿ?

2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ಏನು ನಡೆಯಿತೆಂದು ಈ ಪತ್ರಿಕೆ ಓದುವ ನಿಮಗೆ ನಾನು ಹೇಳಬೇಕಿಲ್ಲ. ನಿಮ್ಮಲ್ಲಿ ಹಲವರು ಅಲ್ಲೇ ಇದ್ದಿರಿ. ಇಂಗ್ಲಿಷ್ ಬೋರ್ಡುಗಳು ಕೆಳಗಿಳಿದವು. ನಮ್ಮ ಹುಡುಗರು ಪೊಲೀಸ್ ವ್ಯಾನು ಹತ್ತಿದರು, ಜೈಲು ಕಂಡರು. 2024ರ ಫೆಬ್ರವರಿಯಲ್ಲಿ ವಿಧಾನಮಂಡಲ ಕಾನೂನಿಗೆ ತಿದ್ದುಪಡಿ ತಂದು, ನಾಮಫಲಕದ ಶೇಕಡಾ 60 ಭಾಗ ಕನ್ನಡಕ್ಕೆ, ಅದೂ ಮೇಲ್ಭಾಗದಲ್ಲಿ, ಎಂದು ಬರೆಯಲೇಬೇಕಾಯಿತು. ಇದು ನಮ್ಮ ಗೆಲುವು. ಇದರಲ್ಲಿ ಎರಡು ಮಾತಿಲ್ಲ.

ಆದರೆ ಆ ಗೆಲುವಿನ ಇನ್ನೊಂದು ಮುಖವನ್ನು ನಾನು ಕಣ್ಣಾರೆ ಕಂಡೆ. ನಾನು ಚಾಮರಾಜಪೇಟೆಯಲ್ಲಿ ಒಂದು ಸಣ್ಣ ಪ್ರೆಸ್ಸು ಇಟ್ಟುಕೊಂಡಿರುವವನು. ಓದಿದ್ದು ಪಿಯುಸಿ. ಎಂಟು ಜನ ಕೆಲಸಗಾರರು. ಬೋರ್ಡು ಮಾಡುವುದು ನನ್ನ ಕಸುಬಲ್ಲ, ಆದರೆ ಬೋರ್ಡು ಮಾಡುವವರೆಲ್ಲ ನನ್ನ ನೆರೆಹೊರೆ. ಆ ಎರಡು ಮೂರು ತಿಂಗಳು ಅವರಿಗೆ ಸುಗ್ಗಿಯೋ ಸುಗ್ಗಿ. ಅಕ್ರಿಲಿಕ್ ಅಕ್ಷರ ಕತ್ತರಿಸುವ ಮಷಿನ್ ರಾತ್ರಿ ಹನ್ನೊಂದರವರೆಗೆ ನಿಲ್ಲಲಿಲ್ಲ. ಆ ಮಷಿನ್ ಮೇಲೆ ನಿಂತಿದ್ದವರು ಯಾರು? ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿದವರು ಯಾರು? ಒಳಗೆ ಎಲ್‌ಇಡಿ ಕೂರಿಸಿ ಗೋಡೆಗೆ ಮೊಳೆ ಹೊಡೆದವರು ಯಾರು? ನಾನು ನೋಡಿದ ಅಂಗಡಿಗಳಲ್ಲಿ ಬಹುಪಾಲು ಕೈಗಳು ಬಿಹಾರ, ರಾಜಸ್ಥಾನ, ಬಂಗಾಳದವು. ಕನ್ನಡದ ಒಂದು ಅಕ್ಷರ ಬಾರದ ಹುಡುಗ ಮೊಬೈಲಿನಲ್ಲಿ ಇಂಗ್ಲಿಷ್ ಹಾಕಿ ಕನ್ನಡ ತೆಗೆದು ಬೋರ್ಡಿಗೆ ಅಂಟಿಸಿದ. ಅದಕ್ಕೇ ಸ್ವಾಮಿ, ಒತ್ತಕ್ಷರ ಒಂದು ಕಡೆ, ಅಕ್ಷರ ಒಂದು ಕಡೆ ಬಿದ್ದು ಒದ್ದಾಡುವ ಬೋರ್ಡುಗಳು ಇವತ್ತೂ ಊರ ತುಂಬ ಇವೆ.

ಆ ಹುಡುಗನ ಮೇಲೆ ನನಗೆ ಕಿಂಚಿತ್ತೂ ಕೋಪವಿಲ್ಲ. ಹದಿನಾರನೇ ವಯಸ್ಸಿಗೆ ರೈಲು ಹತ್ತಿ ಬಂದು, ಅಂಗಡಿಯ ಅಟ್ಟದ ಮೇಲೆ ಮಲಗಿ, ಕೆಲಸ ಕಲಿತ. ಅವನನ್ನು ಬೈಯುವುದು ಸುಲಭ. ನಾನು ಕೇಳುವುದು ಬೇರೆ ಪ್ರಶ್ನೆ. ಬೋರ್ಡು ಬದಲಾಯಿಸಿ ಎಂದು ಬೀದಿಗಿಳಿದ ನಮ್ಮ ಬಿ.ಎ., ಬಿ.ಕಾಂ. ಹುಡುಗರಲ್ಲಿ ಬೋರ್ಡು ಮಾಡಲು ಬರುತ್ತಿದ್ದವರು ಎಷ್ಟು ಜನ?

ಮೂರು ದಿನ ಬದುಕಿದ ಮಸೂದೆ

2024ರ ಜುಲೈ ನೆನಪಿದೆಯೆ? ಖಾಸಗಿ ಕಂಪನಿಗಳಲ್ಲಿ ಆಡಳಿತ ಮಟ್ಟದ ಹುದ್ದೆಗಳಲ್ಲಿ ಶೇಕಡಾ 50, ಉಳಿದ ಹುದ್ದೆಗಳಲ್ಲಿ ಶೇಕಡಾ 70 ಸ್ಥಳೀಯರಿಗೆ ಎಂಬ ಮಸೂದೆಗೆ ಮಂತ್ರಿಮಂಡಲ ಒಪ್ಪಿಗೆ ಕೊಟ್ಟಿತು. ನಾವು ಪಟಾಕಿ ಹಚ್ಚುವಷ್ಟರಲ್ಲಿ ಕಂಪನಿ ದೊರೆಗಳು ಒಂದು ಕೂಗು ಹಾಕಿದರು. ಪಕ್ಕದ ಆಂಧ್ರದ ಮಂತ್ರಿಯೊಬ್ಬರು ವಿಶಾಖಪಟ್ಟಣಕ್ಕೆ ಬನ್ನಿ ಎಂದು ಚಾಪೆ ಹಾಸಿದರು. ಜುಲೈ 17ಕ್ಕೆ ನಮ್ಮ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಮೂರು ದಿನವೂ ಸರಿಯಾಗಿ ಬದುಕಲಿಲ್ಲ! ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ವರದಿ ಕೊಟ್ಟಾಗಿನಿಂದ ಕನ್ನಡಿಗ ಇದೇ ಬಾಗಿಲು ಬಡಿಯುತ್ತಿದ್ದಾನೆ. ಒಳಗಿರುವವರು ಒಮ್ಮೆ ಚಿಲಕ ತೆಗೆಯುವ ಸದ್ದು ಮಾಡುತ್ತಾರೆ, ಮತ್ತೆ ಹಾಕಿಕೊಳ್ಳುತ್ತಾರೆ.

ಕಂಪನಿಗಳು ಆಗ ಹೇಳಿದ್ದು ಒಂದೇ ಮಾತು: ನಮಗೆ ಬೇಕಾದ ಕೌಶಲ ಇಲ್ಲಿಯವರಲ್ಲಿ ಸಾಲದು. ಇದು ಅರ್ಧ ಸುಳ್ಳು. ಸೆಕ್ಯುರಿಟಿ ಗಾರ್ಡಿಗೂ ಡೇಟಾ ತುಂಬುವವನಿಗೂ ಯಾವ ಬ್ರಹ್ಮವಿದ್ಯೆ ಬೇಕು? ಆದರೆ ಉಳಿದ ಅರ್ಧ ಸುಳ್ಳಲ್ಲ, ಅದೇ ನಮ್ಮನ್ನು ಕೊಲ್ಲುತ್ತಿರುವುದು. ಆ ಮಸೂದೆಯೊಳಗೆ ಒಂದು ಅಂಶವಿತ್ತು. ಶೇಕಡಾವಾರಿನ ಗದ್ದಲದಲ್ಲಿ ಅದರ ಬಗ್ಗೆ ಭಾಷಣ ಮಾಡಿದವರನ್ನು ನಾನು ಕಾಣೆ. ಅರ್ಹ ಸ್ಥಳೀಯರು ಸಿಗದಿದ್ದರೆ ಕಂಪನಿ ಸುಮ್ಮನಿರುವಂತಿಲ್ಲ. ಸರ್ಕಾರದ ಜೊತೆ ಸೇರಿ ಮೂರು ವರ್ಷದೊಳಗೆ ಸ್ಥಳೀಯರಿಗೆ ತರಬೇತಿ ಕೊಟ್ಟು ತಯಾರು ಮಾಡಬೇಕು ಎಂಬುದು ಆ ಅಂಶ. ಮಸೂದೆಯ ಜೀವ ಇದ್ದದ್ದು ಅಲ್ಲಿ. ಮೂರು ವರ್ಷ ಅಂದರೆ ಒಂದು ಡಿಗ್ರಿಯ ಅವಧಿ! ಕಾಲೇಜೂ ಕಾರ್ಖಾನೆಯೂ ಕೂಡಿ ಆ ಮೂರು ವರ್ಷದಲ್ಲಿ ಹುಡುಗನನ್ನು ತಯಾರು ಮಾಡಿದ್ದರೆ, ಕೌಶಲ ಇಲ್ಲ ಎಂಬ ನೆಪವೇ ಹುಟ್ಟುತ್ತಿರಲಿಲ್ಲ.

ಇನ್ನೊಂದು ವಿಷಯವೂ ನಮಗೆ ಗೊತ್ತಿರಬೇಕು. ಹರಿಯಾಣ ಸರ್ಕಾರ ಶೇಕಡಾ 75 ಕೆಲಸ ಸ್ಥಳೀಯರಿಗೆ ಎಂದು ಕಾನೂನು ಮಾಡಿತ್ತು. 2023ರ ನವೆಂಬರಿನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕೋಟಾವನ್ನು ಕೋರ್ಟು ಹೊಡೆದುಹಾಕಬಹುದು. ನಿಮ್ಮ ಕೈಗೆ ಬಂದ ಕೆಲಸವನ್ನು ಯಾವ ಕೋರ್ಟೂ ರದ್ದು ಮಾಡಲಾರದು. ಕೋಟಾ ಬೇಡ ಎಂದು ನಾನು ಹೇಳುತ್ತಿಲ್ಲ. ಬೇಕು, ಬೇಕೇ ಬೇಕು. ಆದರೆ ಆ ಬೇಡಿಕೆಯ ಜೊತೆಗೇ, ಅದೇ ಗಂಟಲಿನಲ್ಲಿ, ಡಿಗ್ರಿ ಕಾಲೇಜಿನಲ್ಲಿ ನಮಗೆ ಕಸುಬು ಕಲಿಸಿ, ಕನ್ನಡದಲ್ಲಿ ಕಲಿಸಿ ಎಂದು ಕೇಳದಿದ್ದರೆ, ಸಿಕ್ಕ ಕೋಟಾವೂ ಖಾಲಿ ಕುರ್ಚಿಯಾಗಿ ಉಳಿಯುತ್ತದೆ.

ಡಿಗ್ರಿ ಹಿಡಿದು ಬಂದ ಹುಡುಗರು

ಕಳೆದ ವರ್ಷ ಪ್ರೆಸ್ಸಿಗೆ ಇಬ್ಬರು ಬೇಕೆಂದು ಬಾಗಿಲ ಮೇಲೆ ಚೀಟಿ ಅಂಟಿಸಿದೆ. ಬಂದವರಲ್ಲಿ ಮೂವರು ಡಿಗ್ರಿ ಮುಗಿಸಿದ ಕನ್ನಡದ ಹುಡುಗರು. ಒಬ್ಬ ಬಿ.ಕಾಂ., ಪ್ರಥಮ ದರ್ಜೆ. ಸಾವಿರ ಪ್ರತಿ ಪುಸ್ತಕಕ್ಕೆ ಎಷ್ಟು ಕಾಗದ ಬೇಕು, ಎಷ್ಟು ಖರ್ಚು ಬೀಳುತ್ತದೆ, ಲೆಕ್ಕ ಹಾಕಪ್ಪಾ ಎಂದೆ. "ಸಾರ್, ಕಾಸ್ಟ್ ಅಕೌಂಟಿಂಗ್ ಥಿಯರಿ ಇತ್ತು, ಆದ್ರೆ ಇಂಥದ್ದು ಬಂದಿರಲಿಲ್ಲ" ಎಂದ. ಇನ್ನೊಬ್ಬ ಕನ್ನಡ ಮೇಜರ್ ಬಿ.ಎ. ಹಳಗನ್ನಡದ ಛಂದಸ್ಸು ಬಾಯಲ್ಲಿ ಹೇಳಿದ. ಒಂದು ಪುಟದ ಪ್ರೂಫ್ ತಿದ್ದು ಎಂದು ಕೊಟ್ಟೆ. ತಪ್ಪು ಗುರುತಿಸಿದ, ಆದರೆ ಪ್ರೂಫ್ ಗುರುತುಗಳನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದ ಕನ್ನಡ ಕೀಲಿಮಣೆಯ ಮೇಲೆ ಬೆರಳಿಟ್ಟಿರಲಿಲ್ಲ. ಮೂರು ವರ್ಷ ಕನ್ನಡವನ್ನೇ ಓದಿದ ಹುಡುಗನಿಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕಲಿಸದ ಕಾಲೇಜಿಗೆ ಏನನ್ನಬೇಕು? ಮೂರನೆಯವನು ಬಿ.ಎಸ್ಸಿ. ಅವನು ಕೆಲಸಕ್ಕೆ ಕೈ ಹಾಕುವ ಮೊದಲೇ ಕೇಳಿದ: "ಸಾರ್, ಮಷಿನ್ ಕೆಲಸವಾ? ಆಫೀಸ್ ಕೆಲಸ ಇಲ್ವಾ?"

ಈ ಹುಡುಗರು ದಡ್ಡರಲ್ಲ. ಹದಿನೈದು ಹದಿನಾರು ವರ್ಷ ಇವರ ಕೈಗೆ ಪೆನ್ನು ಬಿಟ್ಟು ಇನ್ನೇನನ್ನೂ ಯಾರೂ ಕೊಟ್ಟಿಲ್ಲ, ಅಷ್ಟೆ.

ಕಸುಬು ಎಂದರೆ ಬುದ್ಧಿ ಬೇಡದ ಕೆಲಸ ಎಂದು ನಮ್ಮ ಪ್ರೊಫೆಸರುಗಳು ತಿಳಿದಿದ್ದಾರೆ. ಒಂದು ದಿನ ಪ್ರೆಸ್ಸಿಗೆ ಬರಲಿ. ಹದಿನಾರು ಪುಟದ ಒಂದು ಫಾರಂ ಜೋಡಿಸುವುದನ್ನೇ ನೋಡಿ. ಒಂದೇ ದೊಡ್ಡ ಹಾಳೆಯ ಎರಡೂ ಬದಿ ಅಚ್ಚಾಗಿ, ಮಡಚಿದಾಗ ಪುಟಗಳು ಒಂದರಿಂದ ಹದಿನಾರರವರೆಗೆ ಸಾಲಾಗಿ ಬರಬೇಕು. ಅದಕ್ಕೆ 1ರ ಪಕ್ಕ 16 ಕೂರಬೇಕು, 8ರ ಪಕ್ಕ 9, 4ರ ಪಕ್ಕ 13. ಯಾವ ಜೋಡಿ ಕೂಡಿದರೂ 17. ನನಗೆ ಇದನ್ನು ಕಲಿಸಿದ ಹಿರಿಯ ಮಷಿನ್‌ಮನ್ ನಾಲ್ಕನೇ ಕ್ಲಾಸು. ಒಂದು ಹಾಳೆ ಮಡಚಿ, ಅಂಚಿಗೆ ಪೆನ್ಸಿಲಿನಲ್ಲಿ ಅಂಕಿ ಹಾಕಿ, ಬಿಚ್ಚಿ ತೋರಿಸಿದರು. ಅಷ್ಟೇ ಪಾಠ. ಗಣಿತದ ಮೇಷ್ಟರು ಇದನ್ನು ಕಂಡರೆ ಖುಷಿಪಡುತ್ತಾರೆ.

ಕಾಗದದ ಲೆಕ್ಕ ತೆಗೆದುಕೊಳ್ಳಿ. 23 ಇಂಚು ಅಗಲ, 36 ಇಂಚು ಉದ್ದ, 70 ಜಿಎಸ್‌ಎಂ ಕಾಗದ. 500 ಹಾಳೆಯ ಒಂದು ರೀಮು ಸುಮಾರು 18.7 ಕಿಲೋ ತೂಗುತ್ತದೆ. ಯಾಕೆ ಅಷ್ಟೇ ತೂಗುತ್ತದೆ ಎಂದು ಲೆಕ್ಕ ಹಾಕಲು ಬಂದವನಿಗೆ ವ್ಯಾಪಾರಿ ಮೋಸ ಮಾಡಲಾರ. ಬಿ.ಕಾಂ. ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದು? ಆಫ್‌ಸೆಟ್ ಮಷಿನ್ ನಡೆಯುವುದೇ ನೀರಿಗೂ ಎಣ್ಣೆಗೂ ಆಗದು ಎಂಬ ಒಂದು ಸತ್ಯದ ಮೇಲೆ. ಪ್ಲೇಟಿನ ಮೇಲೆ ಅಕ್ಷರ ಇರುವಲ್ಲಿ ಇಂಕು ಹಿಡಿಯುತ್ತದೆ, ಖಾಲಿ ಇರುವಲ್ಲಿ ನೀರು ಹಿಡಿದು ಇಂಕನ್ನು ದೂರ ತಳ್ಳುತ್ತದೆ. ನೀರು ಜಾಸ್ತಿಯಾದರೆ ಅಕ್ಷರ ಮಂಕು. ಕಡಿಮೆಯಾದರೆ ಹಾಳೆಯೆಲ್ಲ ಮಸಿ. ಆ ನೀರಿನ ಹುಳಿ ಎಷ್ಟಿರಬೇಕೆಂದು ಅಳೆಯಬೇಕು. ಮಳೆಗಾಲದಲ್ಲಿ ಕಾಗದ ತೇವ ಕುಡಿದು ಉಬ್ಬಿದರೆ ನಾಲ್ಕು ಬಣ್ಣ ಒಂದರ ಮೇಲೊಂದು ಕೂರುವುದಿಲ್ಲ. ಬಿ.ಎಸ್ಸಿ. ಕೆಮಿಸ್ಟ್ರಿ ಓದಿದವನು ಬಂದು ಇದನ್ನು ನಮಗೆ ಬಿಡಿಸಿ ಹೇಳಬೇಕಿತ್ತು. ಬದಲು ಅವನು ಆಫೀಸ್ ಕೆಲಸ ಕೇಳುತ್ತಾನೆ. ನಾವು ಅಂದಾಜಿನಲ್ಲಿ ಮಷಿನ್ ಓಡಿಸುತ್ತೇವೆ, ಅವನು ಅಂದಾಜೂ ಇಲ್ಲದೆ ಕೆಮಿಸ್ಟ್ರಿ ಪಾಸು ಮಾಡುತ್ತಾನೆ. ಎರಡೂ ಕಡೆ ನಷ್ಟ.

ಮೂರು ಸಾವಿರ, ಒಂದೂವರೆ ಸಾವಿರ

ನಮ್ಮ ಸರ್ಕಾರ ಕೈಗೂ ಕಾಗದಕ್ಕೂ ಎಷ್ಟೆಷ್ಟು ಬೆಲೆ ಕಟ್ಟಿದೆ ಎಂದು ನೋಡಬೇಕೆ? ಯುವನಿಧಿ ಯೋಜನೆ ನೋಡಿ. 2023ರ ಡಿಸೆಂಬರಿನಲ್ಲಿ ನೋಂದಣಿ ಶುರುವಾಗಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಕಂತು ಕೊಟ್ಟರು. ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ. ಕೆಲಸ ಸಿಗದ ಡಿಪ್ಲೊಮಾದವನಿಗೆ 1,500. ಗರಿಷ್ಠ ಎರಡು ವರ್ಷ. ಸಂಕಟದಲ್ಲಿರುವ ಹುಡುಗನಿಗೆ ಹಣ ಕೊಟ್ಟದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಅಂಕಿಗಳನ್ನು ಇನ್ನೊಮ್ಮೆ ಓದಿ. ಲೇತ್ ಹಿಡಿಯಲು, ವೈಂಡಿಂಗ್ ಮಾಡಲು ಬರುವವನ ಹೊಟ್ಟೆಗೆ 1,500. ಏನೂ ಹಿಡಿಯಲು ಬಾರದ ಪದವೀಧರನ ಹೊಟ್ಟೆಗೆ 3,000! ಕೈಕೆಲಸದವನ ಹಸಿವು ಅರ್ಧವೇ? ಈ ಲೆಕ್ಕವನ್ನು ವಿಧಾನಸೌಧದ ಯಾವ ಮೇಜಿನ ಮೇಲೆ ಹಾಕಿದರೋ, ಆ ಮೇಜನ್ನು ಮಾಡಿದ ಬಡಗಿಯನ್ನು ಕರೆದು ಕೇಳಬೇಕಿತ್ತು.

ಬಸವ ಜಯಂತಿ ದಿನ ಕಾಯಕದ ಬಗ್ಗೆ ಎರಡು ಗಂಟೆ ಭಾಷಣ. ಮರುದಿನ ಮಗನನ್ನು ಐಟಿಐಗೆ ಸೇರಿಸು ಎಂದರೆ ಮುಖ ಸಿಂಡರಿಸುವುದು. ನಮ್ಮ ಮಧ್ಯಮ ವರ್ಗದ ಕನ್ನಡಿಗ ಇಷ್ಟೇ. ಹೆಣ್ಣು ನೋಡಲು ಹೋದಾಗ ಹುಡುಗ ಡಿಗ್ರಿಯಾ ಎಂದು ಕೇಳುತ್ತಾರೆ, ಏನು ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. (ನನಗೂ ಕೇಳಿದ್ದರು. ಪ್ರೆಸ್ಸು ಸ್ವಂತದ್ದು ಎಂದ ಮೇಲೆ ಸುಮ್ಮನಾದರು.)

ಇದು ನಮ್ಮ ನಾಡಿಗೆ ಹೊಸ ವಿಚಾರವೂ ಅಲ್ಲ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಪ್ರೆಸ್ಸು ಹಾಕಿದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಟಿತು. ನೇಯ್ಗೆ ಕಲಿಸಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅವರ ಮತಪ್ರಚಾರದ ಉದ್ದೇಶ ಬೇರೆ, ಅದು ಪಕ್ಕಕ್ಕಿರಲಿ. ಅಕ್ಷರವನ್ನೂ ಕಸುಬನ್ನೂ ಅವರು ಬೇರೆ ಮಾಡಲಿಲ್ಲ. ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾಯಿತು. ಕಿಟೆಲ್‌ಗೆ ಬೆಂಗಳೂರಿನಲ್ಲಿ ಪ್ರತಿಮೆ ಇದೆ, ಇರಲೇಬೇಕು. ಆ ಸಾವಿರಾರು ಶಬ್ದಗಳ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿದ ಕಂಪೋಸಿಟರುಗಳ ಹೆಸರು ನಿಮಗೆ ಗೊತ್ತೆ?

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಅದೇ ಮನುಷ್ಯ ಭದ್ರಾವತಿ ಕಬ್ಬಿಣ ಕಾರ್ಖಾನೆಯ ಕೆಲಸಕ್ಕೆ ತಮಗೆ ಬರಬೇಕಿದ್ದ ಹಣ ಮುಟ್ಟದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆ ಮಾಡಿ ಎಂದರು. 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆಯಿತು. ಈಗಿನ ಎಸ್‌ಜೆಪಿ ಅದೇ. ಆ ಎರಡು ಸಂಸ್ಥೆಗಳ ನಡುವೆ ಬಾಗಿಲು ಇಡಬೇಕಿತ್ತು. ನಂತರ ಬಂದವರು ಗೋಡೆ ಕಟ್ಟಿದರು. ಒಂದು ಕಡೆ ಓದುವವರು, ಇನ್ನೊಂದು ಕಡೆ ದುಡಿಯುವವರು.

ಗೋಡೆ ಒಡೆಯುತ್ತೇವೆಂದು ದೆಹಲಿಯವರು ಹೇಳುತ್ತಲೇ ಬಂದಿದ್ದಾರೆ. ಕೊಠಾರಿ ಆಯೋಗ 1966ರಲ್ಲಿ ಹೇಳಿತು. 1986ರ ಶಿಕ್ಷಣ ನೀತಿ, 1995ರ ಹೊತ್ತಿಗೆ ಪಿಯುಸಿ ಮಟ್ಟದ ಶೇಕಡಾ 25 ಮಕ್ಕಳು ವೃತ್ತಿ ಶಿಕ್ಷಣದಲ್ಲಿರಬೇಕೆಂದಿತು. ನಮ್ಮಲ್ಲಿ ಜೆಒಸಿ ಎಂಬ ಕೋರ್ಸು ಇತ್ತು, ನನ್ನ ಓರಗೆಯವರಿಗೆ ನೆನಪಿರುತ್ತದೆ. ಸರಿಯಾದ ಉಪಕರಣ ಕೊಡಲಿಲ್ಲ, ಮೇಷ್ಟರುಗಳನ್ನು ವರ್ಷಗಟ್ಟಲೆ ಅರೆಕಾಲಿಕವಾಗಿಯೇ ದುಡಿಸಿಕೊಂಡರು, ಕೊನೆಗೆ ಮುಚ್ಚಿದರು. ಆ ಮೇಷ್ಟರುಗಳನ್ನು ಸರ್ಕಾರಿ ಸೇವೆಗೆ ಸೇರಿಸಿಕೊಳ್ಳಲು ಬೇರೆ ಕಾನೂನೇ ಮಾಡಬೇಕಾಯಿತು. ಅವರಿಗೆ ನ್ಯಾಯ ಸಿಕ್ಕಿತು, ಸಂತೋಷ. ಕಸುಬು ಮಾತ್ರ ಅನಾಥವಾಯಿತು. 2014ರಲ್ಲಿ ಯುಜಿಸಿ ಬಿ.ವೊಕ್. ಡಿಗ್ರಿ ತಂದಿತು. ಶೇಕಡಾ 60 ಕಸುಬು, ಶೇಕಡಾ 40 ಸಾಮಾನ್ಯ ಪಾಠ. ಒಂದು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ. ಯೋಜನೆ ಚೆನ್ನಾಗಿಯೇ ಇದೆ. ನಿಮ್ಮ ಬೀದಿಯಲ್ಲಿ ಬಿ.ವೊಕ್. ಓದಿದ ಒಬ್ಬನ ಹೆಸರು ಹೇಳಿ ನೋಡೋಣ!

2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. 2025ರ ಹೊತ್ತಿಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಕಸುಬಿನ ಪರಿಚಯ ಆಗಿರಬೇಕೆಂದು ಅದರಲ್ಲಿ ಬರೆದುಕೊಂಡರು. ದೇಶಕ್ಕೇ ಮೊದಲು ಎಂದು ನಮ್ಮ ರಾಜ್ಯ 2021ರಲ್ಲಿ ಅದನ್ನು ಡಿಗ್ರಿ ಕಾಲೇಜುಗಳಲ್ಲಿ ತಂದಿತು. ಕೌಶಲ ಎಂದು ಹುಡುಗರಿಗೆ ಕೊಟ್ಟದ್ದು ಡಿಜಿಟಲ್ ಫ್ಲುಯೆನ್ಸಿ ಎಂಬ ವಿಷಯ. ಅದೂ ಹಲವು ಕಡೆ ಕಪ್ಪು ಹಲಗೆಯ ಮೇಲೆ! ಸರ್ಕಾರ ಬದಲಾಯಿತು, 2024ರಲ್ಲಿ ಅದನ್ನು ಕಿತ್ತುಹಾಕಿ ಮತ್ತೆ ಮೂರು ವರ್ಷದ ಡಿಗ್ರಿ. ಸುಖದೇವ ಥೋರಟ್ ಆಯೋಗ 2025ರ ಆಗಸ್ಟಿನಲ್ಲಿ ರಾಜ್ಯಕ್ಕೆ ಬೇರೆ ನೀತಿಯ ವರದಿ ಕೊಟ್ಟಿತು. ನಾಲ್ಕು ವರ್ಷದೊಳಗೆ ಹುಡುಗರ ಮೇಲೆ ಎರಡೆರಡು ಪ್ರಯೋಗ. ಕೇಸರಿಯವರು ತಂದರು, ಕೈಯವರು ತೆಗೆದರು. ಹುಡುಗನ ಕೈಗೆ ಸ್ಕ್ರೂಡ್ರೈವರ್ ಕೊಟ್ಟವರು ಇಬ್ಬರಲ್ಲೂ ಇಲ್ಲ.

ಎರಡನೇ ದರ್ಜೆಯ ಸಾಲು ಬೇಡ

ಇಲ್ಲಿ ನನ್ನ ಕೆಲವು ಗೆಳೆಯರು ಎದ್ದು ನಿಲ್ಲುತ್ತಾರೆ. "ಅಣ್ಣಾ, ಇದು ಬಡವರ ಮಕ್ಕಳನ್ನು, ದಲಿತರ ಮಕ್ಕಳನ್ನು ಮತ್ತೆ ಅಪ್ಪನ ಕುಲಕಸುಬಿಗೆ ತಳ್ಳುವ ಹುನ್ನಾರ ಅಲ್ವಾ?" ಈ ಅನುಮಾನಕ್ಕೆ ಬೇರು ಇದೆ. 1953ರಲ್ಲಿ ಮದ್ರಾಸಿನಲ್ಲಿ ರಾಜಾಜಿಯವರು ಹಳ್ಳಿ ಶಾಲೆಯ ಮಕ್ಕಳಿಗೆ ಅರ್ಧ ದಿನ ಪಾಠ, ಉಳಿದ ಹೊತ್ತು ಮನೆಯ ಕಸುಬು ಎಂದು ಯೋಜನೆ ತಂದರು. ಕುಲಕಲ್ವಿ, ಅಂದರೆ ಕುಲದ ಕಸುಬಿನ ಶಿಕ್ಷಣ, ಎಂದು ಜನ ರೊಚ್ಚಿಗೆದ್ದರು. 1954ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು, ಯೋಜನೆ ರದ್ದಾಯಿತು. ಆಗ ದಕ್ಷಿಣ ಕನ್ನಡವೂ ಮದ್ರಾಸ್ ರಾಜ್ಯದಲ್ಲೇ ಇತ್ತು, ಆದ್ದರಿಂದ ಅದು ಬರಿ ತಮಿಳರ ಕಥೆಯಲ್ಲ.

ನಾನು ಕೇಳುತ್ತಿರುವುದು ಅದಕ್ಕೆ ತಿರುಗಾ ಮುರುಗಾ. ಚಮ್ಮಾರನ ಮಗನಿಗೆ ಚಪ್ಪಲಿ ಹೊಲಿಯುವುದನ್ನು ಕಲಿಸಿ ಎಂದಲ್ಲ. ಸದಾಶಿವನಗರದ ಮಗನಿಗೂ ವೆಲ್ಡಿಂಗ್ ಕಲಿಸಿ ಎಂದು. ಹಳ್ಳಿಯ ಸರ್ಕಾರಿ ಕಾಲೇಜಿಗೆ ಮಾತ್ರ ಹೊಲಿಗೆ ಮಷಿನ್ ಕೊಟ್ಟು, ಬೆಂಗಳೂರಿನ ದೊಡ್ಡ ಇಂಗ್ಲಿಷ್ ಕಾಲೇಜುಗಳಿಗೆ ಬಿಸಿನೆಸ್ ಅನಲಿಟಿಕ್ಸ್ ಕೊಟ್ಟರೆ, ಅದೇ ಹಳೆಯ ಜಾತಿ ಪದ್ಧತಿ, ಹೊಸ ಸಿಲೆಬಸ್ಸು. ಪ್ರತಿ ಪದವಿಯಲ್ಲಿ, ಪ್ರತಿ ಕಾಲೇಜಿನಲ್ಲಿ, ಹುಡುಗ ಹುಡುಗಿ ಭೇದವಿಲ್ಲದೆ ಒಂದು ಕಸುಬು ಕಡ್ಡಾಯವಾಗಬೇಕು. ಯಾವ ಕಸುಬೆಂದು ಆರಿಸಿಕೊಳ್ಳುವವರು ವಿದ್ಯಾರ್ಥಿಗಳೇ. ಇತಿಹಾಸ, ಅರ್ಥಶಾಸ್ತ್ರ ಬಿಡಬೇಕಿಲ್ಲ. ಸಾಮಾಜಿಕ ನ್ಯಾಯ ಏನೆಂದು ತಿಳಿಯದ ವೆಲ್ಡರ್ ಮಾಲೀಕನ ಗುಲಾಮನಾಗುತ್ತಾನೆ. ನನಗೆ ಅಂಥ ಕೆಲಸಗಾರ ಬೇಡ.

ಮಾಲೀಕರ ವಿಷಯ ಬಂತು, ಹೇಳಿಬಿಡುತ್ತೇನೆ. ನನ್ನ ಕಸುಬಿನ ಬಂಧುಗಳಿಗೆ ಸಿಟ್ಟು ಬಂದರೂ ಚಿಂತೆಯಿಲ್ಲ. ಟ್ರೈನಿಂಗ್ ಹೆಸರಿನಲ್ಲಿ ಹುಡುಗನನ್ನು ಕರೆಸಿಕೊಂಡು ಆರು ತಿಂಗಳು ಟೀ ತರಿಸುವ, ಕಸ ಗುಡಿಸಿಸುವ, ಬಿಲ್ಲು ವಸೂಲಿಗೆ ಓಡಿಸುವ ಮಾಲೀಕರು ಬೇಕಾದಷ್ಟಿದ್ದಾರೆ. ಕಾಲೇಜು ಕಳಿಸಿದ ಹುಡುಗ ಪುಕ್ಕಟೆ ಆಳಲ್ಲ. ಅಪ್ರೆಂಟಿಸ್ ಕಾಯ್ದೆ 1961ರಿಂದ ಇದೆ. 2014ರ ತಿದ್ದುಪಡಿಯಲ್ಲಿ ಎಂಜಿನಿಯರಿಂಗ್ ಅಲ್ಲದ ಪದವೀಧರರೂ ಅದರೊಳಗೆ ಬಂದರು. 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಒಟ್ಟು ಸಂಖ್ಯೆಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ಇಟ್ಟುಕೊಳ್ಳಲೇಬೇಕು. 4ರಿಂದ 29 ಜನ ಇರುವ ನನ್ನಂಥವರಿಗೆ ಅದು ಇಷ್ಟವಿದ್ದರೆ ಮಾತ್ರ. ಬೆಂಗಳೂರಿನ ಎಷ್ಟು ಗಾಜಿನ ಕಟ್ಟಡಗಳಲ್ಲಿ ಕನ್ನಡದ ಅಪ್ರೆಂಟಿಸರಿದ್ದಾರೆಂದು ಕೇಳುವ ಹಕ್ಕು ನಮಗೆ ಈಗಿರುವ ಕಾನೂನಿನಲ್ಲೇ ಇದೆ. ಹೊಸ ಮಸೂದೆಗೆ ಕಾಯಬೇಕಿಲ್ಲ.

ಕನ್ನಡ ಎಲ್ಲಿ ಬರುತ್ತದೆ ಎನ್ನುವಿರಾ? ಎಲ್ಲ ಕಡೆ. 2021ರಲ್ಲಿ ಕನ್ನಡದಲ್ಲಿ ಎಂಜಿನಿಯರಿಂಗ್ ಕಲಿಸುತ್ತೇವೆಂದು ಕೆಲವು ಕಾಲೇಜುಗಳಲ್ಲಿ ಶುರು ಮಾಡಿದರು. ಸೇರಿದವರು ಬೆರಳೆಣಿಕೆಯಷ್ಟು. ಕನ್ನಡದ್ವೇಷಿಗಳು ನೋಡಿ, ಕನ್ನಡಿಗರಿಗೇ ಬೇಡ ಎಂದು ನಕ್ಕರು. ತುದಿಯಿಂದ ಮನೆ ಕಟ್ಟಲು ಹೊರಟರೆ ಹಾಗೇ ಆಗುವುದು. ಕೆಳಗೆ, ಗ್ಯಾರೇಜಿನಲ್ಲಿ, ಪ್ರೆಸ್ಸಿನಲ್ಲಿ, ಪೀಣ್ಯದ ಶೆಡ್ಡುಗಳಲ್ಲಿ ಕನ್ನಡ ಈಗಾಗಲೇ ಕೆಲಸ ಮಾಡುತ್ತಿದೆ. ಮೊಳೆ ಜೋಡಿಸು, ನೀರು ಹಿಡಿ, ಮಸಿ ಬಿಡು, ಹೊಲಿಗೆ ಹಾಕು, ಅಂಚು ಕತ್ತರಿಸು: ಇವು ಯಾವ ಭಾಷೆ? ಅವುಗಳ ಜೊತೆಗೇ ಪ್ಲೇಟು, ರೋಲರು, ಗ್ರಿಪ್ಪರು ಕೂಡ ಕನ್ನಡದ್ದೇ ಆಗಿ ಕೂತಿವೆ. ಪ್ಲೇಟಿಗೆ ಸಂಸ್ಕೃತದಲ್ಲಿ ನಾಲ್ಕು ಮಾರು ಪದ ಹುಟ್ಟಿಸಬೇಡಿ ಮಹಾರಾಯರೇ. ಕೆಲಸಗಾರ ಆಡುವ ಕನ್ನಡದಲ್ಲಿ ಪುಸ್ತಕ ಬರೆಯಿರಿ, ಆ ಕನ್ನಡದಲ್ಲಿ ಪರೀಕ್ಷೆ ಮಾಡಿ, ಮಷಿನ್ ಜೊತೆ ಬರುವ ಕೈಪಿಡಿಯನ್ನು ಕನ್ನಡದಲ್ಲಿ ಕೊಡಲು ಕಂಪನಿಗೆ ಹೇಳಿ. 1982ರ ಗೋಕಾಕ್ ಚಳವಳಿ ಕನ್ನಡಕ್ಕೆ ಶಾಲೆಯಲ್ಲಿ ಜಾಗ ಕೇಳಿತು. ಕಾರ್ಯಾಗಾರದಲ್ಲಿ ಜಾಗ ಕೇಳುವ ಚಳವಳಿ ಇನ್ನೂ ಬಾಕಿ ಇದೆ.

ಕಲಿಸುವವರು ಯಾರು? 2022ರಲ್ಲಿ ಯುಜಿಸಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ದಾರಿ ತೆರೆಯಿತು. ಪದವಿ ಇಲ್ಲದಿದ್ದರೂ ಹದಿನೈದು ವರ್ಷ ಅನುಭವ ಇದ್ದವರು ಕಾಲೇಜಿನಲ್ಲಿ ಕಲಿಸಬಹುದು. ಓದಿ ಖುಷಿಪಟ್ಟೆ. ಮುಂದೆ ನೋಡಿದರೆ, 'ಹಿರಿಯ ಮಟ್ಟದಲ್ಲಿ' ಇದ್ದವರಿಗೆ ಆದ್ಯತೆಯಂತೆ. ಅಂದರೆ ಕಂಪನಿಯ ವೈಸ್ ಪ್ರೆಸಿಡೆಂಟು ಸೂಟು ಹಾಕಿಕೊಂಡು ಬರುತ್ತಾನೆ. ನನ್ನ ಬೈಂಡಿಂಗ್ ಮೇಸ್ತ್ರಿಗೆ ಮೂವತ್ತು ವರ್ಷ ಅನುಭವ, ಅವರಿಗೆ ಬಾಗಿಲಿಲ್ಲ. ಆ ಒಂದು ಮಾತನ್ನು ತೆಗೆಸಿ. ಮೇಸ್ತ್ರಿಗಳನ್ನು ಕಾಲೇಜಿಗೆ ಕರೆಸಿ, ಗಂಟೆಗಿಷ್ಟು ಎಂದು ಗೌರವದಿಂದ ಸಂಬಳ ಕೊಡಿ.

ಆಗುವುದಿಲ್ಲ ಎನ್ನುವವರು ರಾಜಾಜಿನಗರಕ್ಕೆ ಹೋಗಿ ಜಿಟಿಟಿಸಿ ನೋಡಿ ಬನ್ನಿ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ಸರ್ಕಾರಿ ಟೂಲ್ ರೂಮ್. ಮೂರು ವರ್ಷ ಪಾಠ ಮತ್ತು ಮಷಿನ್, ಒಂದು ವರ್ಷ ಕಾರ್ಖಾನೆಯಲ್ಲಿ. ಬಿಡದಿಯಲ್ಲಿ ಟೊಯೋಟಾದವರು 2007ರಿಂದ ಹಳ್ಳಿಯ ಬಡ ಮಕ್ಕಳನ್ನು ಎಸ್‌ಎಸ್‌ಎಲ್‌ಸಿ ಆದ ಮೇಲೆ ಕರೆದುಕೊಂಡು ಮೂರು ವರ್ಷ ತಯಾರು ಮಾಡುತ್ತಿದ್ದಾರೆ. ಜಪಾನಿನವನಿಗೆ ನಮ್ಮ ಹಳ್ಳಿಯ ಹುಡುಗನ ಕೈ ಕಂಡಿತು, ನಮ್ಮ ಕುಲಪತಿಗಳಿಗೆ ಕಾಣಲಿಲ್ಲ! 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರಗಳನ್ನು ಹಾಕಿದರು. ಪಕ್ಕದಲ್ಲೇ ಡಿಗ್ರಿ ಕಾಲೇಜು ಇರುವ ಊರುಗಳು ಎಷ್ಟಿಲ್ಲ? ಸಂಜೆ ಐದರ ಮೇಲೆ ಆ ಯಂತ್ರಗಳ ಮುಂದೆ ಬಿ.ಎ. ಹುಡುಗರನ್ನು ನಿಲ್ಲಿಸಲು ಯಾವ ಆಯೋಗ ಬೇಕು? ಎರಡು ಇಲಾಖೆಗಳ ಕಾರ್ಯದರ್ಶಿಗಳು ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಕು.

ಈ ಸಲ ಡಿಗ್ರಿ ಅಡ್ಮಿಷನ್ ಶುರುವಾದಾಗ, ಧ್ವಜ ಹಿಡಿದು ವಿಧಾನಸೌಧಕ್ಕೆ ಹೋಗುವ ಮೊದಲು, ನಿಮ್ಮ ನಿಮ್ಮ ಕಾಲೇಜಿನ ಪ್ರಿನ್ಸಿಪಾಲರ ಕೋಣೆಗೆ ಹತ್ತು ಜನ ಹೋಗಿ. ಮರ್ಯಾದೆಯಿಂದಲೇ ಹೋಗಿ. ಇಲ್ಲಿ ಯಾವ ಕಸುಬು ಕಲಿಸುತ್ತೀರಿ, ಯಾರು ಕಲಿಸುತ್ತಾರೆ, ಅದಕ್ಕೆ ಅಂಕ ಉಂಟೆ, ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದೆ, ಹತ್ತಿರದ ಯಾವ ಕಾರ್ಖಾನೆಗೆ ನಮ್ಮನ್ನು ಕಳಿಸುತ್ತೀರಿ ಎಂದು ಕೇಳಿ. ಉತ್ತರವನ್ನು ಬರೆದುಕೊಡಿ ಎನ್ನಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ಬಂದ ಉತ್ತರಗಳನ್ನು ಈ ಪತ್ರಿಕೆಗೆ ಕಳಿಸಿ, ಕಾಲೇಜಿನ ಹೆಸರಿನ ಸಮೇತ ಅಚ್ಚಾಗಲಿ.

ನನ್ನ ಪಾಲಿನದು ಇಷ್ಟು: ನಮ್ಮ ಪ್ರೆಸ್ಸಿನಲ್ಲಿ ಇಬ್ಬರು ಡಿಗ್ರಿ ವಿದ್ಯಾರ್ಥಿಗಳಿಗೆ ಜಾಗ ಇದೆ, ಸಂಜೆ ಹೊತ್ತು, ಸಂಬಳ ಸಹಿತ, ಆರು ತಿಂಗಳು. ಟೀ ತರಿಸುವುದಿಲ್ಲ. ಪತ್ರಿಕೆಯ ಕಚೇರಿಯಲ್ಲಿ ಕೇಳಿದರೆ ವಿಳಾಸ ಕೊಡುತ್ತಾರೆ. ಇಂಕು ಹತ್ತಿದರೆ ಹೋಗುವುದಿಲ್ಲ, ಹಳೇ ಅಂಗಿ ಹಾಕಿಕೊಂಡು ಬನ್ನಿ.